ಜಾರವಾ ಕಾಡಿನ ರಸ್ತೆ ಮತ್ತು ನಮ್ಮ ಪ್ರವಾಸ

ಮಳೆಗಾಲ ಹಿಂದೆ ಸರಿದು ಅಡಿಕೆ ಕೊಯ್ಲು ಆರಂಭವಾಗುವ ಹೊತ್ತಿಗೆ ನಮ್ಮ ಪೇಟೆಗಳ ಬಸ್ ನಿಲ್ದಾಣಗಳಲ್ಲಿ ಪ್ರವಾಸದ ಭಿತ್ತಿಪತ್ರಗಳೂ ಕಾಣಿಸಿಕೊಳ್ಳುತ್ತವೆ. ಕಾಶಿ, ರಾಮೇಶ್ವರಗಳ ಸಾಲಿಗೆ ಕೆಲವು ವರ್ಷಗಳಿಂದ ಅಂಡಮಾನ್ ಕೂಡ ಸೇರಿಕೊಂಡಿದೆ. ಬೆಂಗಳೂರಿನಿಂದ ನೇರ ವಿಮಾನವಿದೆ. ಕೇಂದ್ರ ಸರ್ಕಾರಿ ನೌಕರರಿಗೆ ರಜಾ ಪ್ರವಾಸದ ಸೌಲಭ್ಯವಿದೆ. ಶೈಕ್ಷಣಿಕ ಪ್ರವಾಸದ ಹೆಸರಿನಲ್ಲಿ ವಿದ್ಯಾರ್ಥಿಗಳೂ ಅಲ್ಲಿಗೆ ಹೋಗಿಬರುತ್ತಿದ್ದಾರೆ. ಭಿತ್ತಿಪತ್ರದಲ್ಲಿ ಸಾಮಾನ್ಯವಾಗಿ ಮೂರು ಚಿತ್ರಗಳಿರುತ್ತವೆ. ಒಂದು ಸೆಲ್ಯುಲರ್ ಜೈಲು, ಇನ್ನೊಂದು 2018ರಲ್ಲಿ ಸ್ವರಾಜ್ ದ್ವೀಪವೆಂದು ಹೆಸರು ಬದಲಾದ ಹ್ಯಾವ್‌ಲಾಕ್‌ನ ಬಿಳಿ ಮರಳಿನ ತೀರ, ಮೂರನೆಯದು ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆ. ಮೊದಲೆರಡರ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಮೂರನೆಯ ಚಿತ್ರದ ಹಿಂದೆ ಒಂದು ರಸ್ತೆಯಿದೆ. ಆ ರಸ್ತೆಯ ಬಗ್ಗೆ ಭಿತ್ತಿಪತ್ರ ಏನನ್ನೂ ಹೇಳುವುದಿಲ್ಲ. ಈ ಸಂಚಿಕೆಯ ಸಂಪಾದಕೀಯವನ್ನು ಆ ರಸ್ತೆಗೆ ಮೀಸಲಿಟ್ಟಿದ್ದೇವೆ.

2024ರಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣಗೊಂಡ ಪೋರ್ಟ್ ಬ್ಲೇರ್‌ನಿಂದ ಉತ್ತರಕ್ಕೆ ಸಾಗಿದರೆ ಜಿರ್ಕಾಟಾಂಗ್ ಎಂಬಲ್ಲಿ ಒಂದು ತಪಾಸಣಾ ಗೇಟು ಸಿಗುತ್ತದೆ. ಬೆಳಕು ಹರಿಯುವ ಮೊದಲೇ ಅಲ್ಲಿ ವಾಹನಗಳ ಸಾಲು ನಿಂತಿರುತ್ತದೆ. ನಿಗದಿತ ಹೊತ್ತಿಗೆ ಗೇಟು ತೆರೆದಾಗ ಪೊಲೀಸ್ ಬೆಂಗಾವಲಿನಲ್ಲಿ ಆ ಸಾಲು ಒಳಗೆ ಹೊರಡುತ್ತದೆ. ವಾಹನ ನಿಲ್ಲಿಸಬಾರದು, ಚಿತ್ರ ತೆಗೆಯಬಾರದು, ತಿನಿಸು ಕೊಡಬಾರದು ಎಂಬ ಫಲಕಗಳಿವೆ. ಅಲ್ಲಿಂದ ಮಿಡ್ಲ್ ಸ್ಟ್ರೇಟ್ ಎಂಬ ಕಡಲ ಕಾಲುವೆಯವರೆಗಿನ ಸುಮಾರು 50 ಕಿ.ಮೀ. ದೂರ ಜಾರವಾ ಜನರ ಕಾಡಿನೊಳಗಿನ ಹಾದಿ. ಗುಹೆಯನ್ನು ನೋಡಲು ಹೊರಟವರು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಈ ಕಾಡನ್ನು ದಾಟುತ್ತಾರೆ. ಆದರೆ ಅನೇಕರಿಗೆ ಗುಹೆ ಒಂದು ನೆಪ ಮಾತ್ರ. ಕಿಟಕಿಯ ಹೊರಗೆ ಒಬ್ಬ ಜಾರವಾ ಕಾಣಿಸಿಯಾನೇ ಎಂಬ ಕುತೂಹಲದಲ್ಲಿಯೇ ಅವರ ಪ್ರಯಾಣ ಸಾಗುತ್ತದೆ. ಮನುಷ್ಯರನ್ನು ನೋಡಲು ಮನುಷ್ಯರು ಹೀಗೆ ಗುಂಪುಗಟ್ಟಿ ಹೋಗುವ ಪದ್ಧತಿಗೆ ಹೊರಜಗತ್ತು ‘ಮಾನವ ಸಫಾರಿ’ ಎಂಬ ಹೆಸರಿಟ್ಟಿದೆ.

ಅವರ ಬದುಕಿನ ಆಧಾರ

ಜಾರವಾ ಜನರು ತಮ್ಮನ್ನು ತಾವು ‘ಆಂಗ್’ ಎಂದು ಕರೆದುಕೊಳ್ಳುತ್ತಾರೆ. ದಕ್ಷಿಣ ಮತ್ತು ಮಧ್ಯ ಅಂಡಮಾನ್‌ನ ಪಶ್ಚಿಮದ ಕಾಡು ಮತ್ತು ಕಡಲಂಚು ಅವರ ನೆಲೆ. 2011ರ ಜನಗಣತಿಯಲ್ಲಿ ಅವರ ಸಂಖ್ಯೆ 380. ನಮ್ಮ ಸೀಮೆಯ ಒಂದು ಸಣ್ಣ ಹಳ್ಳಿಯ ಜನಸಂಖ್ಯೆಯಷ್ಟೇ. ಅವರಿಗಾಗಿ ಕಾನೂನಿನಲ್ಲಿ ಕಾಯ್ದಿರಿಸಿರುವ ಪ್ರದೇಶದ ವಿಸ್ತೀರ್ಣ 1,028 ಚ.ಕಿ.ಮೀ. ‘ಇಷ್ಟು ಕಡಿಮೆ ಜನರಿಗೆ ಅಷ್ಟು ದೊಡ್ಡ ಕಾಡೇಕೆ?’ ಎಂದು ಕೇಳುವವರಿದ್ದಾರೆ. ಕೃಷಿಕರಾದ ನಾವು ಈ ಪ್ರಶ್ನೆಯನ್ನು ಸ್ವಲ್ಪ ತಾಳ್ಮೆಯಿಂದ ಪರಿಶೀಲಿಸಬೇಕು.

ಜಾರವಾ ಜನರಿಗೆ ಗದ್ದೆಯಿಲ್ಲ, ತೋಟವಿಲ್ಲ, ಕಣಜವಿಲ್ಲ. ಕಾಡುಹಂದಿಯ ಬೇಟೆ, ಹಳ್ಳ ಮತ್ತು ಹವಳದ ದಿಬ್ಬಗಳಲ್ಲಿ ಮೀನು, ಕಾಂಡ್ಲಾ ಕಾಡಿನಲ್ಲಿ ಏಡಿ ಮತ್ತು ಚಿಪ್ಪುಜೀವಿಗಳು, ನೆಲದಲ್ಲಿ ಗೆಡ್ಡೆ, ಮರದ ಮೇಲೆ ಜೇನು, ಋತು ಬಂದಾಗ ನಮ್ಮ ಹೆಬ್ಬಲಸಿನ ದಾಯಾದಿಯಾದ ಕಾಡುಹಲಸಿನ ಹಣ್ಣು ಮತ್ತು ಬೀಜ, ಇವು ಅವರ ಆಹಾರ. ಒಂದೊಂದು ವಸ್ತುವಿಗೂ ಒಂದೊಂದು ಕಾಲ, ಒಂದೊಂದು ಜಾಗ. ಒಂದೆಡೆ ಕೆಲವು ದಿನ ಬೀಡುಬಿಟ್ಟು, ಅಲ್ಲಿನ ಸಂಪತ್ತು ಬರಿದಾಗುವ ಮುನ್ನವೇ ಮತ್ತೊಂದೆಡೆಗೆ ಸಾಗುವುದು ಅವರ ಕ್ರಮ. ಹೊಲವನ್ನು ಒಂದು ವರ್ಷ ಬೀಳುಬಿಡುವ ರೈತ ಮಾಡುವುದೂ ಇದನ್ನೇ. ರೈತನಿಗೆ ಬೀಳುಭೂಮಿ ಒಂದೆರಡು ಎಕರೆ, ಬೇಟೆಗಾರನಿಗೆ ಅದು ಕಾಡಿನ ಒಂದು ಮಗ್ಗುಲು. ಖಾಲಿಯಾಗಿ ಕಾಣುವ ಕಾಡು ವಾಸ್ತವದಲ್ಲಿ ಅವರ ಮುಂದಿನ ತಿಂಗಳ ಆಹಾರ. ಅಷ್ಟು ವಿಸ್ತಾರವಿಲ್ಲದಿದ್ದರೆ ಆ ಜೀವನಕ್ರಮ ನಿಲ್ಲಲಾರದು.

ಈ ಜೀವನಕ್ರಮದ ಹಿಂದಿರುವ ತಿಳಿವಳಿಕೆಯನ್ನು ಅಲ್ಪವೆಂದು ಭಾವಿಸುವಂತಿಲ್ಲ. ಲಿಟ್ಲ್ ಅಂಡಮಾನ್‌ನ ಓಂಗೆ ಜನರು ಹೆಜ್ಜೇನು ತೆಗೆಯುವಾಗ ಏಲಕ್ಕಿ ಕುಟುಂಬಕ್ಕೆ ಸೇರಿದ ಒಂದು ಗಿಡದ ಕಾಂಡ ಮತ್ತು ಎಲೆಗಳನ್ನು ಜಗಿದು ಆ ರಸವನ್ನು ಮೈಗೆ ಸವರಿಕೊಳ್ಳುತ್ತಾರೆ, ಗೂಡಿನ ಕಡೆಗೆ ಉಗುಳುತ್ತಾರೆ. ಹುಳಗಳು ಕಚ್ಚದೆ ಪಕ್ಕಕ್ಕೆ ಸರಿಯುತ್ತವೆ. ಏಲಕ್ಕಿ ಬೆಳೆಯುವ, ಹೆಜ್ಜೇನಿನ ಸ್ವಭಾವವನ್ನು ಬಲ್ಲ ಮಲೆನಾಡಿನವರಿಗೆ ಇದರ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಡುಗಾಂಗ್ ಕ್ರೀಕ್‌ನ ಓಂಗೆಯವರು ಕಡಲು ಹಿಂದೆ ಸರಿದುದನ್ನು ಕಂಡೇ ಎತ್ತರದ ನೆಲಕ್ಕೆ ಓಡಿ ಜೀವ ಉಳಿಸಿಕೊಂಡರು. ಇಂತಹ ಜ್ಞಾನ ಪುಸ್ತಕದಲ್ಲಿ ಉಳಿಯುವಂಥದ್ದಲ್ಲ. ತಂದೆಯೊಡನೆ ಮಗ, ತಾಯಿಯೊಡನೆ ಮಗಳು ಕಾಡಿಗೂ ಕಡಲಿಗೂ ಇಳಿದಾಗ ಮಾತ್ರ ಅದು ಮುಂದಿನ ತಲೆಮಾರಿಗೆ ದಾಟುತ್ತದೆ.

ನಂಟು ತಂದ ನಷ್ಟ

ಹೊರಗಿನವರ ನಂಟು ಅಂಡಮಾನ್‌ನ ಮೂಲನಿವಾಸಿಗಳಿಗೆ ಏನನ್ನು ತಂದಿತೆಂಬುದನ್ನು ಇತಿಹಾಸ ದಾಖಲಿಸಿದೆ. 1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರ್‌ನಲ್ಲಿ ಕೈದಿಗಳ ವಸಾಹತು ಸ್ಥಾಪಿಸಿದಾಗ ಗ್ರೇಟ್ ಅಂಡಮಾನೀಸ್ ಜನರು ಹತ್ತು ಪಂಗಡಗಳಾಗಿ, ಸಾವಿರಾರು ಸಂಖ್ಯೆಯಲ್ಲಿ ಬಾಳುತ್ತಿದ್ದರು. ಅವರನ್ನು ‘ಪಳಗಿಸಲು’ ಅಂಡಮಾನ್ ಹೋಮ್ ಎಂಬ ವಸತಿಗಳನ್ನು ತೆರೆಯಲಾಯಿತು. ಅನ್ನ, ಬಟ್ಟೆ, ಹೊಗೆಸೊಪ್ಪುಗಳ ಜೊತೆಗೆ ರೋಗಗಳೂ ಬಂದವು. 1877ರಲ್ಲಿ ಹರಡಿದ ದಡಾರ ಊರೂರುಗಳನ್ನೇ ಬರಿದು ಮಾಡಿತು. 1901ರ ಜನಗಣತಿಯಲ್ಲಿ ಉಳಿದಿದ್ದವರು 625 ಮಂದಿ, 1961ರಲ್ಲಿ ಕೇವಲ 19. ಇಂದು ಸ್ಟ್ರೇಟ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪವೇ ಅವರ ಪಾಲಿನ ನೆಲೆ. ಅವರ ಭಾಷೆಗಳಲ್ಲೊಂದಾದ ‘ಬೋ’ವನ್ನು ಆಡಬಲ್ಲ ಕೊನೆಯ ವೃದ್ಧೆ 2010ರ ಜನವರಿಯಲ್ಲಿ ತೀರಿಕೊಂಡರು.

ಓಂಗೆಯವರ ಕಥೆ ಇದಕ್ಕಿಂತ ಬಹಳ ಭಿನ್ನವೇನಲ್ಲ. 1901ರಲ್ಲಿ 672 ಇದ್ದವರು 2011ರಲ್ಲಿ 101. ಸ್ವಾತಂತ್ರ್ಯಾನಂತರ ಲಿಟ್ಲ್ ಅಂಡಮಾನ್‌ನ ಕಾಡನ್ನು ಕಡಿದು ಹೊರಗಿನವರನ್ನು ನೆಲೆಗೊಳಿಸಲಾಯಿತು. ಎಪ್ಪತ್ತರ ದಶಕದಲ್ಲಿ ಸುಮಾರು 1,600 ಹೆಕ್ಟೇರ್‌ನಲ್ಲಿ ತಾಳೆಎಣ್ಣೆಯ ಮರಗಳನ್ನು ನೆಡಲಾಯಿತು. ಓಂಗೆಯವರನ್ನು ಡುಗಾಂಗ್ ಕ್ರೀಕ್‌ನಲ್ಲಿ ಮನೆ ಕಟ್ಟಿ ಕೂರಿಸಿ, ಪಡಿತರ ಹಂಚಿ, ತೆಂಗಿನ ತೋಟದ ಕೆಲಸ ಹಚ್ಚಲಾಯಿತು. ಸದುದ್ದೇಶವೇ ಇದ್ದಿರಬಹುದು. ಆದರೆ ಪಡಿತರಕ್ಕಾಗಿ ಒಂದೆಡೆ ಕುಳಿತ ಜನ ಕಾಡಿನಿಂದ ದೂರವಾದರು, ಕಾಡಿನಿಂದ ದೂರವಾದಷ್ಟೂ ಪಡಿತರಕ್ಕೆ ಹತ್ತಿರವಾದರು.

ಜಾರವಾ ಜನರ ಸ್ಥಿತಿ ಮಾತ್ರ ಬೇರೆಯಾಗಿತ್ತು. ಸುಮಾರು ಒಂದೂವರೆ ಶತಮಾನ ಕಾಲ ಅವರು ಬಿಲ್ಲು ಹಿಡಿದು ಹೊರಗಿನವರನ್ನು ದೂರವಿಟ್ಟರು. 1997-98ರಲ್ಲಷ್ಟೇ ತಾವಾಗಿ ಬಿಲ್ಲನ್ನು ಕೆಳಗಿಟ್ಟು ಕಾಡಿನ ಹೊರಗೆ ಬರತೊಡಗಿದರು. 2001ರ ಜನಗಣತಿಯಲ್ಲಿ 240 ಇದ್ದ ಅವರ ಸಂಖ್ಯೆ ಹತ್ತು ವರ್ಷಗಳಲ್ಲಿ 380 ಆಯಿತು. ಮೂರು ಸಮುದಾಯಗಳ ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಯಾರನ್ನು ನಾವು ‘ಉದ್ಧಾರ’ ಮಾಡಲು ಮೊದಲು ಹೋದೆವೋ ಅವರು ಬಹುಪಾಲು ಅಳಿದರು. ಯಾರು ನಮ್ಮನ್ನು ದೂರವಿಟ್ಟರೋ, ಯಾರ ಕಾಡು ಬಹುಮಟ್ಟಿಗೆ ಉಳಿಯಿತೋ ಅವರು ಉಳಿದರು. ಆದುದರಿಂದಲೇ ಜಾರವಾ ಕಾಡಿನ ನಡುವಿನ ರಸ್ತೆಯ ಪ್ರಶ್ನೆ ಕೇವಲ ಸಂಚಾರ ವ್ಯವಸ್ಥೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ರಸ್ತೆ ಮತ್ತು ನ್ಯಾಯಾಲಯ

ಅಂಡಮಾನ್ ಟ್ರಂಕ್ ರಸ್ತೆಯ ಕೆಲಸ ಎಪ್ಪತ್ತರ ದಶಕದ ಆರಂಭದಲ್ಲಿ ಶುರುವಾಗಿ ಎಂಬತ್ತರ ದಶಕದ ಕೊನೆಗೆ ಪೂರ್ಣಗೊಂಡಿತು. ಜಾರವಾ ಜನರು ಅದನ್ನು ಬಾಣಗಳಿಂದ ಪ್ರತಿಭಟಿಸಿದರು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಮೂಲನಿವಾಸಿಗಳ ರಕ್ಷಣೆಗೆಂದು 1956ರಲ್ಲಿಯೇ ವಿಶೇಷ ಕಾನೂನು ರಚಿಸಿದ್ದ ಸರ್ಕಾರವೇ ಅವರ ಕಾಡನ್ನು ಸೀಳಿ ರಸ್ತೆ ಮಾಡಿತು.

ಅಂಡಮಾನ್‌ನ ಪರಿಸರ ಸಂಘಟನೆಯಾದ ‘ಸೇನ್’, ಪುಣೆಯ ಕಲ್ಪವೃಕ್ಷ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗಳು ನ್ಯಾಯಾಲಯದ ಮೊರೆಹೊಕ್ಕವು. ಸುಪ್ರೀಂ ಕೋರ್ಟ್ ನೇಮಿಸಿದ ಶೇಖರ್ ಸಿಂಗ್ ಆಯೋಗ ದ್ವೀಪಗಳನ್ನು ಸುತ್ತಿ ವರದಿ ನೀಡಿತು. ಅದರ ಆಧಾರದ ಮೇಲೆ 2002ರ ಮೇ 7ರಂದು ನ್ಯಾಯಾಲಯ ಮಹತ್ವದ ಆದೇಶವನ್ನು ಹೊರಡಿಸಿತು. ಸ್ವಾಭಾವಿಕ ಕಾಡಿನ ಮರ ಕಡಿಯುವುದಕ್ಕೆ ಕಡಿವಾಣ, ಏಕಬೆಳೆ ತೋಟಗಳನ್ನು ಹಂತಹಂತವಾಗಿ ಕೈಬಿಡುವುದು ಹಾಗೂ ಜಾರವಾ ಮೀಸಲು ಪ್ರದೇಶದೊಳಗಿನ ಟ್ರಂಕ್ ರಸ್ತೆಯನ್ನು ಮುಚ್ಚುವುದು ಅದರ ಮುಖ್ಯ ಅಂಶಗಳು. ರಸ್ತೆ ಮಾತ್ರ ಇಂದಿಗೂ ಮುಚ್ಚಿಲ್ಲ.

2012ರ ಜನವರಿಯಲ್ಲಿ ಬ್ರಿಟನ್ನಿನ ‘ಅಬ್ಸರ್ವರ್’ ಪತ್ರಿಕೆ ಒಂದು ದೃಶ್ಯಾವಳಿಯನ್ನು ಬಹಿರಂಗಪಡಿಸಿತು. ಪ್ರವಾಸಿಗರೆದುರು ಆಹಾರದ ಆಸೆಗಾಗಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ದೃಶ್ಯ ಅದು. ದೇಶ ತಲೆತಗ್ಗಿಸಿತು. ಅದೇ ವರ್ಷ ಕಾನೂನಿಗೆ ತಿದ್ದುಪಡಿ ತಂದು ಶಿಕ್ಷೆಯನ್ನು ಹೆಚ್ಚಿಸಲಾಯಿತು. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ರಸ್ತೆಯಲ್ಲಿ ಪ್ರವಾಸಿಗರ ಸಂಚಾರವನ್ನು ಮಧ್ಯಂತರ ಆದೇಶದ ಮೂಲಕ ನಿಷೇಧಿಸಿತು. ಮೀಸಲು ಪ್ರದೇಶದ ಸುತ್ತ ಪ್ರವಾಸೋದ್ಯಮಕ್ಕೆ ಅವಕಾಶವಿಲ್ಲದ 5 ಕಿ.ಮೀ. ತಡೆವಲಯವನ್ನು ಆಡಳಿತವು ಘೋಷಿಸಿದ ಮೇಲೆ ಮಾರ್ಚ್ ತಿಂಗಳಿನಲ್ಲಿ ಆ ನಿಷೇಧ ತೆರವಾಯಿತು. ಕೆಲವು ವಾರಗಳ ಮಟ್ಟಿಗೆ ಮಾತ್ರ ಆ ಕಾಡು ಪ್ರವಾಸಿಗರಿಲ್ಲದೆ ಉಸಿರಾಡಿತ್ತು.

ಇಲ್ಲಿ ನಮ್ಮದೇ ರಾಜ್ಯದ ಒಂದು ಸಂಗತಿಯನ್ನು ನೆನೆಯಬೇಕು. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ವಾಹನ ಸಂಚಾರಕ್ಕೆ 2009ರಲ್ಲಿ ನಿರ್ಬಂಧ ಬಂತು, 2010ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಎಷ್ಟೇ ಒತ್ತಡ ಬಂದರೂ ಆ ನಿರ್ಬಂಧ ಉಳಿದಿದೆ. ಆನೆ, ಜಿಂಕೆ, ಚಿರತೆಗಳಿಗಾಗಿ ಒಂದು ರಸ್ತೆಯನ್ನು ರಾತ್ರಿ ಮುಚ್ಚಬಹುದೆಂದು ತೋರಿಸಿಕೊಟ್ಟ ನಾಡು ನಮ್ಮದು. ಮನುಷ್ಯರಿಗಾಗಿ ಒಂದು ರಸ್ತೆಯನ್ನು ಪ್ರವಾಸಿಗರಿಗಷ್ಟೇ ಮುಚ್ಚುವುದು ಅಸಾಧ್ಯವೆಂದು ಹೇಳಿದರೆ ಒಪ್ಪುವುದು ಹೇಗೆ?

ಜೀವನೋಪಾಯ ಹೇಗೆ ಕೆಡುತ್ತದೆ?

ಪ್ರವಾಸಿಗರ ವಾಹನ ಕಾಡಿನಲ್ಲಿ ಒಂದೆರಡು ಗಂಟೆ ಸಾಗಿ ಮರೆಯಾಗುತ್ತದೆ, ಅದರಿಂದ ಆಗುವ ಹಾನಿ ಏನು ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಹಾನಿ ನಾಲ್ಕು ಬಗೆಯಲ್ಲಿ ಆಗುತ್ತದೆ.

ಮೊದಲನೆಯದು, ಆಹಾರ ಮತ್ತು ದುಡಿಮೆಯ ನಂಟು ಕಡಿಯುವುದು. ಕಿಟಕಿಯಿಂದ ಬೀಳುವ ಬಿಸ್ಕತ್ತು ಮತ್ತು ಬಾಳೆಹಣ್ಣು ಒಂದು ಹೊತ್ತಿನ ಹಸಿವನ್ನು ಹಿಂಗಿಸಬಹುದು. ಆದರೆ ರಸ್ತೆಯ ಬದಿಯಲ್ಲಿ ಕಾದು ನಿಂತ ಹುಡುಗ ಆ ದಿನ ಹಂದಿಯ ಜಾಡು ಹಿಡಿಯಲು ಹೋಗಿರುವುದಿಲ್ಲ. ಒಂದು ದಿನದ ಮಾತಾದರೆ ಚಿಂತೆಯಿಲ್ಲ, ಹತ್ತು ವರ್ಷ ಹೀಗೆ ನಡೆದರೆ ಬೇಟೆ ಬಲ್ಲವರ ಸಂಖ್ಯೆಯೇ ಕುಗ್ಗುತ್ತದೆ. ನಮ್ಮಲ್ಲಿ ಒಂದು ತಲೆಮಾರು ಗದ್ದೆಗಿಳಿಯದೆ ಹೋದುದರಿಂದ ಎಷ್ಟು ನಾಡತಳಿಗಳ ಭತ್ತ ಮತ್ತು ಅವುಗಳ ಬೇಸಾಯದ ಕ್ರಮ ಮರೆತುಹೋದವೆಂಬುದನ್ನು ಬಲ್ಲವರಿಗೆ ಇದು ಅರ್ಥವಾದೀತು. ಮರೆತುಹೋದ ತಳಿಯನ್ನು ಎಲ್ಲಿಯಾದರೂ ಹುಡುಕಿ ತರಬಹುದು. ಮರೆತುಹೋದ ಕೌಶಲವನ್ನು ಮರಳಿ ತರುವುದು ಹೆಚ್ಚು ಕಷ್ಟ.

ಎರಡನೆಯದು, ಕಾಡಿನ ಸಂಪತ್ತು ಇತರರ ಪಾಲಾಗುವುದು. ರಸ್ತೆಯಿರುವಲ್ಲಿಗೆ ಕಳ್ಳಬೇಟೆಗಾರ ಸುಲಭವಾಗಿ ಬರುತ್ತಾನೆ. ಕಾಡುಹಂದಿ, ಜಿಂಕೆ, ಏಡಿ, ಮೀನುಗಳಿಗೆ ಹೊರಗೆ ಬೇಡಿಕೆಯಿದೆ. ಪ್ರವಾಸಿಗರ ಸಂಖ್ಯೆ ಏರಿದಂತೆ ಹೋಟೆಲುಗಳಲ್ಲಿ ಕಡಲಿನ ಆಹಾರದ ಬೇಡಿಕೆಯೂ ಏರುತ್ತದೆ. ಈ ಶತಮಾನದ ಆರಂಭದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷವಿದ್ದ ಪ್ರವಾಸಿಗರ ಸಂಖ್ಯೆ 2019ರ ವೇಳೆಗೆ 5 ಲಕ್ಷದಷ್ಟಾಯಿತು. 2011ರ ಜನಗಣತಿಯಂತೆ ದ್ವೀಪಸಮೂಹದ ಒಟ್ಟು ಜನಸಂಖ್ಯೆಯೇ 3.8 ಲಕ್ಷ. ಅತಿಥಿಗಳು ಮನೆಯವರಿಗಿಂತ ಹೆಚ್ಚಾದಾಗ ಮನೆಯ ಉಗ್ರಾಣ ಎಷ್ಟು ದಿನ ಬಾಳೀತು? ಜಾರವಾ ಜನರಿಗಾಗಲಿ ಅವರ ಉಗ್ರಾಣವೆಂದರೆ ಕಾಡು ಮತ್ತು ಕಡಲಂಚು ಮಾತ್ರ. ಅದು ಬರಿದಾದರೆ ಅವರಿಗೆ ಸಂತೆಯಿಲ್ಲ.

ಮೂರನೆಯದು, ರೋಗ ಮತ್ತು ದುಶ್ಚಟ. ಶತಮಾನಗಳ ಕಾಲ ಬೇರೆಯಾಗಿ ಬಾಳಿದ ದೇಹಕ್ಕೆ ನಮ್ಮ ಸಾಮಾನ್ಯ ರೋಗಗಳ ಪರಿಚಯವಿಲ್ಲ. 1999ರಲ್ಲಿಯೂ 2006ರಲ್ಲಿಯೂ ಜಾರವಾ ಜನರಲ್ಲಿ ದಡಾರ ಹರಡಿತು. ಹೊಗೆಸೊಪ್ಪು, ಪಾನ್ ಮತ್ತು ಮದ್ಯಗಳೂ ರಸ್ತೆಯ ಮೂಲಕವೇ ಅವರನ್ನು ತಲುಪಿವೆ. ಬೇಟೆ ಮತ್ತು ಸಂಗ್ರಹದಿಂದ ಬದುಕುವವರಿಗೆ ದೇಹದ ಆರೋಗ್ಯವೇ ಮೂಲ ಬಂಡವಾಳ.

ನಾಲ್ಕನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದುದು: ಘನತೆಯ ನಷ್ಟ. ತನ್ನ ಕಾಡಿನಲ್ಲಿ ತಾನೇ ಒಡೆಯನಾಗಿದ್ದವನು ರಸ್ತೆಯಂಚಿನಲ್ಲಿ ಕೈಚಾಚುವವನಾಗುತ್ತಾನೆ. ಆ ಬಳಿಕ ಆತನನ್ನು ‘ಹಿಂದುಳಿದವನು’ ಎಂದು ಕರೆದು, ಆತನ ಉದ್ಧಾರಕ್ಕೆ ಹೊಸ ಯೋಜನೆಯನ್ನು ರೂಪಿಸುವುದು ನಮಗೆ ಸುಲಭವಾಗುತ್ತದೆ.

ಈ ನಷ್ಟಗಳಾವುವೂ ಪ್ರವಾಸೋದ್ಯಮದ ಲೆಕ್ಕಪುಸ್ತಕದಲ್ಲಿ ಬರುವುದಿಲ್ಲ. ವಿಮಾನದ ಟಿಕೆಟ್ಟು, ಟ್ಯಾಕ್ಸಿಯ ಬಾಡಿಗೆ, ಹೋಟೆಲಿನ ಕೋಣೆ ಇವೆಲ್ಲ ಆದಾಯವೆಂದು ದಾಖಲಾಗುತ್ತವೆ. ಕಡಿಮೆಯಾದ ಹಂದಿ, ತೆಗೆಯದೆ ಉಳಿದ ಜೇನು, ಕಲಿಯದೆ ಹೋದ ವಿದ್ಯೆ ದಾಖಲಾಗುವುದಿಲ್ಲ. ಮಾರುಕಟ್ಟೆಯಲ್ಲಿ ಬೆಲೆ ಇಲ್ಲದ ಜೀವನೋಪಾಯ ನಾಶವಾದರೆ ಅದಕ್ಕೆ ಪರಿಹಾರವನ್ನು ಲೆಕ್ಕ ಹಾಕುವ ವಿಧಾನವೂ ನಮ್ಮಲ್ಲಿಲ್ಲ.

ಎರಡು ಆಕ್ಷೇಪಗಳು

ಮೊದಲ ಆಕ್ಷೇಪ, ‘ಅವರನ್ನು ಕಾಡಿನಲ್ಲೇ ವಸ್ತುಸಂಗ್ರಹಾಲಯದ ಗೊಂಬೆಗಳಂತೆ ಇರಿಸಬೇಕೇ?’ ಎಂಬುದು. ನಮ್ಮ ಉತ್ತರ, ಇಲ್ಲ. ಜಾರವಾ ಜನರು ಆಸ್ಪತ್ರೆಗೆ ಬಂದಿದ್ದಾರೆ, ಹಿಂದಿ ಮಾತುಗಳನ್ನು ಕಲಿತಿದ್ದಾರೆ, ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಿದ್ದಾರೆ. 2004ರ ಡಿಸೆಂಬರಿನಲ್ಲಿ ಪ್ರಕಟವಾದ ಜಾರವಾ ನೀತಿಯು ಅವರಿಗೆ ಗರಿಷ್ಠ ಸ್ವಾಯತ್ತತೆ ಮತ್ತು ಹೊರಗಿನಿಂದ ಕನಿಷ್ಠ ಹಸ್ತಕ್ಷೇಪ ಎಂಬ ತತ್ತ್ವವನ್ನು ಒಪ್ಪಿಕೊಂಡಿದೆ. ಬದಲಾಗಬೇಕೇ, ಎಷ್ಟು, ಯಾವಾಗ ಎಂಬುದನ್ನು ಅವರು ನಿರ್ಧರಿಸಲಿ. ದಿನವೂ ನೂರಾರು ವಾಹನಗಳು ಮನೆಯ ನಡುಮನೆಯಲ್ಲಿ ಹಾಯುತ್ತಿರುವಾಗ ಆ ನಿರ್ಧಾರಕ್ಕೆ ಬೇಕಾದ ನೆಮ್ಮದಿಯೇ ಅವರಿಗಿರುವುದಿಲ್ಲ. ಅಂದಹಾಗೆ, ವಸ್ತುಸಂಗ್ರಹಾಲಯದ ಗೊಂಬೆಗಳಂತೆ ಅವರನ್ನು ಇಂದು ನೋಡುತ್ತಿರುವವರು ಕಿಟಕಿಯ ಹಿಂದೆ ಕುಳಿತ ನಾವೇ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ರಸ್ತೆ ಮುಚ್ಚಿದರೆ ಮಧ್ಯ ಮತ್ತು ಉತ್ತರ ಅಂಡಮಾನ್‌ನ ಜನರ ಗತಿಯೇನು? ಬಾರಾಟಾಂಗ್‌ನಲ್ಲಿ ದೋಣಿ ನಡೆಸಿ ಬದುಕುವವರ ಗತಿಯೇನು? ಬಾರಾಟಾಂಗ್‌ನ ನಿವಾಸಿಗಳಲ್ಲಿ ಅನೇಕರು ಮರ ಕಡಿಯುವ ಕೂಲಿಗೆಂದು ಛೋಟಾನಾಗಪುರದಿಂದ ಕರೆತಂದ ಮುಂಡಾ, ಓರಾಂವ್, ಖಾಡಿಯಾ ಆದಿವಾಸಿಗಳ ಮಕ್ಕಳು ಮೊಮ್ಮಕ್ಕಳು. ಬೇರೆಡೆಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿದ್ದಾರೆ, ಬ್ರಿಟಿಷರು ಬರ್ಮಾದಿಂದ ಕರೆತಂದ ಕರೆನ್ ಜನರಿದ್ದಾರೆ. ಇವರೆಲ್ಲರೂ ಬಡವರು, ಇವರ ಬದುಕೂ ಬದುಕೇ. ಒಬ್ಬ ಬಡವನನ್ನು ಉಳಿಸಲು ಇನ್ನೊಬ್ಬ ಬಡವನನ್ನು ಬೀದಿಗೆ ತಳ್ಳುವ ಪರಿಸರವಾದ ನಮ್ಮದಾಗಬಾರದು.

ಆದರೆ ಇಲ್ಲಿ ಎರಡು ಅಗತ್ಯಗಳನ್ನು ಬೇರೆಬೇರೆಯಾಗಿ ಕಾಣಬೇಕು. ಡಿಗ್ಲಿಪುರದ ರೋಗಿ ಆಸ್ಪತ್ರೆಗೆ ಬರುವುದು, ಮಾಯಾಬಂದರಿನ ರೈತ ತರಕಾರಿ ಮಾರುವುದು ಒಂದು ಅಗತ್ಯ. ಗುಹೆ ನೋಡಲು ಹೋಗುವುದು ಅಗತ್ಯವಲ್ಲ, ಅಪೇಕ್ಷೆ. ದ್ವೀಪಗಳ ನಾಡಿನಲ್ಲಿ ಕಡಲೇ ಹೆದ್ದಾರಿ. ನಿಯಮಿತವಾದ, ಅಗ್ಗವಾದ, ಮಳೆಗಾಲಕ್ಕೂ ತಾಳುವ ಹಡಗು ಸೇವೆಯನ್ನು ಬೆಳೆಸಿದರೆ ಪ್ರವಾಸಿಗರು ಕಡಲಿನ ಮೂಲಕವೇ ಬಾರಾಟಾಂಗ್ ತಲುಪಬಹುದು. ದೋಣಿಯವರಿಗೆ ದುಡಿಮೆಯೂ ಉಳಿಯುತ್ತದೆ, ಕಾಡಿಗೆ ಶಾಂತಿಯೂ ದೊರೆಯುತ್ತದೆ. ಹಡಗಿಗೆ ಹಾಕಬೇಕಾದ ಹಣ ಮತ್ತು ಮನಸ್ಸನ್ನು ರಸ್ತೆಗೆ ಹಾಕುತ್ತ ಬಂದುದರಿಂದಲೇ ರಸ್ತೆ ಅನಿವಾರ್ಯವಾಗಿ ಕಾಣುತ್ತಿದೆ.

ಬರಲಿರುವ ದೊಡ್ಡ ಅಲೆ

ಜಾರವಾ ರಸ್ತೆ ಹಳೆಯ ಪ್ರಶ್ನೆ. ಹೊಸ ಪ್ರಶ್ನೆಗಳು ಇನ್ನೂ ದೊಡ್ಡವು. 2018ರಲ್ಲಿ ಪ್ರವಾಸೋದ್ಯಮಕ್ಕೆ ಉತ್ತೇಜನ ನೀಡುವ ಸಲುವಾಗಿ 29 ದ್ವೀಪಗಳಿಗೆ ವಿದೇಶಿಯರ ನಿರ್ಬಂಧಿತ ಪ್ರದೇಶ ಪರವಾನಗಿಯ ನಿಯಮವನ್ನು ಸಡಿಲಿಸಲಾಯಿತು. ಹೊರಗಿನವರನ್ನು ಸುತರಾಂ ಒಲ್ಲದ ಸೆಂಟಿನಲೀಸ್ ಜನರ ಉತ್ತರ ಸೆಂಟಿನಲ್ ದ್ವೀಪದ ಹೆಸರೂ ಆ ಪಟ್ಟಿಯಲ್ಲಿತ್ತು. ಇತರ ಕಾನೂನುಗಳ ನಿಷೇಧ ಮುಂದುವರಿದಿತ್ತೆಂಬುದು ನಿಜ. ಆದರೆ ಅದೇ ನವೆಂಬರಿನಲ್ಲಿ ಕಾನೂನು ಮೀರಿ ಅಲ್ಲಿಗೆ ಹೋದ ಒಬ್ಬ ಅಮೆರಿಕನ್ ಧರ್ಮಪ್ರಚಾರಕ ಕೊಲೆಯಾದ. 2025ರ ಮಾರ್ಚ್‌ನಲ್ಲಿ ಮತ್ತೊಬ್ಬ ಅಮೆರಿಕನ್ ಪ್ರಜೆ ಆ ತೀರಕ್ಕಿಳಿದು ತಂಪುಪಾನೀಯದ ಡಬ್ಬಿಯನ್ನು ಇಟ್ಟು, ದೃಶ್ಯ ಸೆರೆಹಿಡಿದು ಮರಳಿ ಬಂಧಿತನಾದ. ಅವನ ಉಸಿರಿನೊಡನೆ ಒಂದು ರೋಗಾಣು ಅಲ್ಲಿ ಇಳಿದಿದ್ದರೆ ಒಂದು ಜನಾಂಗವೇ ಅಳಿಯಬಹುದಿತ್ತು.

ಲಿಟ್ಲ್ ಅಂಡಮಾನ್‌ನಲ್ಲಿ ಹೊಸ ನಗರ ಮತ್ತು ಪ್ರವಾಸೋದ್ಯಮ ವಲಯಗಳನ್ನು ಕಟ್ಟುವ ನೀತಿ ಆಯೋಗದ ಮುನ್ನೋಟ 2021ರಲ್ಲಿ ಬೆಳಕಿಗೆ ಬಂತು. ಅದಕ್ಕಾಗಿ ಓಂಗೆಯವರ ಮೀಸಲು ಪ್ರದೇಶದ ಒಂದು ಭಾಗವನ್ನು ಮೀಸಲಿನಿಂದ ಹೊರತೆಗೆಯುವ ಮಾತೂ ಅದರಲ್ಲಿತ್ತು. ಗ್ರೇಟ್ ನಿಕೋಬಾರ್‌ನಲ್ಲಿ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ನಗರಗಳನ್ನೊಳಗೊಂಡ ಬೃಹತ್ ಯೋಜನೆಗೆ 2022ರ ನವೆಂಬರಿನಲ್ಲಿ ಪರಿಸರ ಅನುಮತಿ ದೊರೆಯಿತು. ಪ್ರವಾಸೋದ್ಯಮವೂ ಅದರ ಒಂದು ಅಂಗ. ಅದಕ್ಕಾಗಿ 130 ಚ.ಕಿ.ಮೀ.ಗೂ ಹೆಚ್ಚು ಕಾಡನ್ನು ಬಿಟ್ಟುಕೊಡಬೇಕು. ಆ ಕಾಡಿನಲ್ಲಿ ಶೋಂಪೆನ್ ಜನರಿದ್ದಾರೆ, 2011ರಲ್ಲಿ ಅವರ ಸಂಖ್ಯೆ 229. ಕಡಲಂಚಿನಲ್ಲಿ ತೆಂಗು, ಕೇದಗೆ ಜಾತಿಯ ಹಣ್ಣು ಮತ್ತು ಹಂದಿಸಾಕಣೆಯಿಂದ ಬಾಳಿದ ನಿಕೋಬಾರಿ ಜನರು 2004ರ ಸುನಾಮಿಯಲ್ಲಿ ಊರುಗಳನ್ನು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಪೂರ್ವಜರ ಊರಿಗೆ ಮರಳುವ ಆಸೆಯನ್ನು ಅವರು ಇನ್ನೂ ಬಿಟ್ಟಿಲ್ಲ. ಅವರ ಬುಡಕಟ್ಟು ಮಂಡಳಿ 2022ರಲ್ಲಿ ಮೊದಲು ನೀಡಿದ್ದ ನಿರಾಕ್ಷೇಪಣೆಯನ್ನು ಅದೇ ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. ತಮ್ಮ ಪೂರ್ವಜರ ನೆಲವೂ ಯೋಜನೆಯೊಳಗೆ ಸೇರಿರುವುದು ಬಳಿಕ ತಿಳಿಯಿತೆಂಬುದು ಅವರ ಅಳಲು.

ನಾವೇನು ಮಾಡಬಹುದು?

ಇಷ್ಟು ದೂರದ ದ್ವೀಪದ ಚಿಂತೆ ಗುಡ್ಡಗಾಡಿನವರಾದ ನಮಗೇಕೆ ಎಂಬ ಮಾತು ಬರಬಹುದು. ನಾಗರಹೊಳೆಯ ಕಾಡಿನೊಳಗೆ ಒಂದು ದೊಡ್ಡ ಹೋಟೆಲ್ ಸಂಸ್ಥೆ ಐಷಾರಾಮಿ ತಂಗುದಾಣ ಕಟ್ಟಲು ಹೊರಟಾಗ ಅಲ್ಲಿನ ಜೇನುಕುರುಬರು ಮತ್ತಿತರ ಆದಿವಾಸಿಗಳು ಸಂಘಟಿತರಾಗಿ ಎದ್ದುನಿಂತದ್ದು, 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆಯನ್ನು ಕಾನೂನುಬಾಹಿರವೆಂದು ತೀರ್ಪಿತ್ತದ್ದು ನಮ್ಮ ಚಳವಳಿಯ ನೆನಪಿನಲ್ಲಿದೆ. ಆದಿವಾಸಿಯನ್ನು ಹೊರಹಾಕಿದ ಕಾಡಿಗೆ ಪ್ರವಾಸಿಗರನ್ನು ಕರೆತರುವ ನ್ಯಾಯ ಎಲ್ಲ ಕಡೆಯೂ ಒಂದೇ. ಅಲ್ಲಿ ಸೋತರೆ ಇಲ್ಲಿಯೂ ಅದು ಬಲಗೊಳ್ಳುತ್ತದೆ.

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ಅಂಡಮಾನ್‌ಗೆ ಹೋಗುವವರು ಹೋಗಿಬನ್ನಿ, ಆದರೆ ಜಾರವಾ ಕಾಡಿನ ರಸ್ತೆಯ ಪ್ರವಾಸವನ್ನು ಪಟ್ಟಿಯಿಂದ ತೆಗೆಸಿ. ಕಡಲಿನ ದಾರಿ ಇದ್ದರೆ ಅದನ್ನು ಕೇಳಿ, ಇಲ್ಲದಿದ್ದರೆ ಗುಹೆಯನ್ನು ಬಿಟ್ಟುಬಿಡಿ. ಶಿಕ್ಷಕರು ವಿದ್ಯಾರ್ಥಿಗಳನ್ನು ಕರೆದೊಯ್ಯುವ ಮುನ್ನ ಈ ವಿಷಯವನ್ನು ತರಗತಿಯಲ್ಲಿ ಚರ್ಚಿಸಲಿ. ನಮ್ಮ ಪೇಟೆಗಳ ಪ್ರವಾಸ ಸಂಸ್ಥೆಗಳವರು ಪರಿಚಿತರೇ ಆಗಿರುತ್ತಾರೆ. ಅವರೊಡನೆ ಜಗಳವಾಡದೆ ಕುಳಿತು ಮಾತನಾಡಿ. ‘ಜಾರವಾಗಳನ್ನು ನೋಡಿಬಂದೆವು’ ಎಂದು ಹೆಮ್ಮೆಯಿಂದ ಹೇಳುವ ನೆಂಟರಿಗೆ ಈ ಸಂಚಿಕೆಯನ್ನು ಓದಲು ಕೊಡಿ.

ಕೊನೆಯದಾಗಿ, ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಮಲೆನಾಡಿನ ಊರೂರಿನಲ್ಲಿ ಇಂದು ಹೋಂಸ್ಟೇಗಳಿವೆ. ಅಡಿಕೆ ಮತ್ತು ಕಾಫಿಯ ಬೆಲೆ ಏರಿಳಿಯುವ ದಿನಗಳಲ್ಲಿ ಅವು ಅನೇಕ ಕುಟುಂಬಗಳನ್ನು ಕೈಹಿಡಿದಿವೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೀರು ಎಷ್ಟಿದೆ, ಹಳ್ಳ ಎಷ್ಟು ತಾಳೀತು, ಎಷ್ಟು ಜನ ಬರಬಹುದು ಎಂಬುದನ್ನು ಊರಿನವರೇ ಗ್ರಾಮಸಭೆಯಲ್ಲಿ ಕುಳಿತು ನಿರ್ಧರಿಸುವ ಅವಕಾಶ ನಮಗಿದೆ. ಮತವಿದೆ, ಭಾಷೆಯಿದೆ, ಪತ್ರಿಕೆಯಿದೆ. ಜಾರವಾ ಜನರಿಗೆ ರಸ್ತೆಯ ವಿಷಯದಲ್ಲಿ ಇಂತಹ ಅವಕಾಶವನ್ನು ಯಾರೂ ಕೊಟ್ಟಿರಲಿಲ್ಲ. ನಮಗೆ ಬೇಕೆಂದು ನಾವು ಕೇಳುವ ಹಕ್ಕನ್ನೇ ಅವರಿಗೂ ಕೇಳುವುದು ನಮ್ಮ ಕರ್ತವ್ಯ. ಈ ಋತುವಿನಲ್ಲಿ ಜಿರ್ಕಾಟಾಂಗ್ ಗೇಟಿನ ಮುಂದಿನ ಸಾಲಿನಲ್ಲಿ ಮಲೆನಾಡಿನ ಒಂದು ವಾಹನ ಕಡಿಮೆಯಾದರೂ ಈ ಬರವಣಿಗೆ ಸಾರ್ಥಕವಾದೀತು.